ಬಾಯಿಯ ಎಡಗಡೆಯ ಮೊಳೆಗಳು

ಎತ್ತಿನ ಕಾಲಿಗೆ ಲಾಳ ಹೊಡೆಯುವವನನ್ನು ನಮ್ಮ ಕಡೆ ನಾಲಬಂದ ಅನ್ನುತ್ತಾರೆ. ಆ ಕಸುಬಿಗೆ ಸೇರಬೇಕಾದರೆ ಯಾರಾದರೂ ನಿನ್ನ ಪರವಾಗಿ ಮಾತಾಡಬೇಕು, ಎತ್ತು ನಿನ್ನನ್ನು ಒಪ್ಪಬೇಕು, ಆಮೇಲೆ ಉಸ್ತಾದರು ತಮ್ಮ ಕೈಯಿಂದ ನಿನಗೆ ಬೆಲ್ಲ ತಿನ್ನಿಸಬೇಕು. ಬೆಲ್ಲ ತಿಂದ ಮೇಲೆ ನೀನು ಅವರ ಶಾಗಿರ್ದ, ಅಂದರೆ ಶಿಷ್ಯ. ಕಲಿತು ಮುಗಿಯುವವರೆಗೆ ಇನ್ನೊಬ್ಬರ ಬೆಲ್ಲ ತಿನ್ನುವಂತಿಲ್ಲ.

ನಾನು ಜಹೀರಾಬಾದಿನ ಉಸ್ತಾದರ ಬಳಿ ಸೇರಿದ್ದು ಖುರದಾದ ತಿಂಗಳ ಒಂದು ಸೋಮವಾರ. ತಿಂಗಳುಗಳನ್ನು ನಾನು ಸರ್ಕಾರಿ ಶಾಲೆಯಲ್ಲಿ ಕಲಿಸಿದ ಫಸಲಿ ಪಂಚಾಂಗದ ಹೆಸರುಗಳಲ್ಲೇ ಬರೆದುಕೊಳ್ಳುತ್ತೇನೆ. ಖುರದಾದ ಎಂದರೆ ಬಿಸಿಲು ನೆಲವನ್ನು ಸುಡುವ ಕಾಲ. ನಾವು ನ್ಯಾಲ್ಕಲ್ ಕಡೆಯ ಕುರಿ ಸಾಕುವವರು. ಆ ವರ್ಷ ಬೇನೆ ಬಂದು ಹಿಂಡು ಅರ್ಧಕ್ಕಿಂತ ಕಡಿಮೆಯಾಗಿತ್ತು. ಉಳಿದ ಕುರಿಗಳಿಗೆ ಅಣ್ಣ ಒಬ್ಬನೇ ಸಾಕಾಗಿದ್ದ. ಮನೆಯಲ್ಲಿ ನಾನು ಹೆಚ್ಚಾಗಿದ್ದೆ.

ಸ್ಟೇಷನ್ ರಸ್ತೆಯ ಹಿಂದಿನ ಬೇವಿನ ಮರದ ಕೆಳಗೆ ಉಸ್ತಾದರು ಕೆಲಸ ಮಾಡುತ್ತಿದ್ದರು. ತೊಡೆಯ ಮೇಲೆ ಚರ್ಮದ ತುಂಡು ಹಾಕಿಕೊಂಡು ಕೂತಿದ್ದರು. ಅಪ್ಪ ದೂರದಲ್ಲೇ ಚಪ್ಪಲಿ ಬಿಟ್ಟು ಕೈಮುಗಿದ.

"ಕುರುಬರ ಹುಡುಗ ಎತ್ತಿನ ಕಾಲ ಕೆಳಗ ಯಾಕ ಬಂದಾನೋ?" ಎಂದು ಉಸ್ತಾದರು ತಲೆ ಎತ್ತದೆ ಕೇಳಿದರು.

"ಕುರಿ ಹೋದ್ವು ಸಾಹೇಬ್ರ. ಹುಡುಗ ಉಳದಾನ," ಅಂದ ಅಪ್ಪ.

"ಓದಾಕ ಬರ್ತದೇನು?"

"ಕನ್ನಡ ಮಠದಾಗ ಕಲ್ತಾನ್ರಿ, ಉರ್ದು ಸಾಲ್ಯಾಗ. ತೆಲುಗು ಸಂತ್ಯಾಗ ಅದಾಗೇ ಬಂದದ."

"ಎತ್ತಿಗೆ ಈ ಮೂರೂ ಬರಂಗಿಲ್ಲ," ಎಂದು ಉಸ್ತಾದರು ನಕ್ಕರು. ನಕ್ಕಾಗ ಅವರ ಬಲಗಡೆಯ ಹಲ್ಲುಗಳೆಲ್ಲ ಇಲ್ಲದಿರುವುದು ಕಂಡಿತು. ಬಹಳ ಹಿಂದೆ ಎತ್ತೊಂದು ಒದ್ದದ್ದಂತೆ.

ಅದೇ ತಾನೆ ಹಗ್ಗ ಬಿಚ್ಚಿದ್ದ ಒಂದು ಎತ್ತು ಮರದ ಆಚೆ ಮೈನಡುಗಿಸುತ್ತಾ ಮಲಗಿತ್ತು. ಅದರ ಹೆಗಲ ಮೇಲೆ ಕೈಯಿಟ್ಟು ಕೂಡು ಎಂದರು. "ಅದು ಮೆಲುಕು ಹಾಕಾಕ ಸುರು ಮಾಡಿದ ಮ್ಯಾಲ ನನ್ನ ಕರಿ. ಅಲ್ಲಿತನಾ ಬಾಯಿ ತೆಗೀಬ್ಯಾಡ."

ಕೂತೆ. ಹೆದರಿದ ಕುರಿಯ ಪಕ್ಕದಲ್ಲಿ ಕೂರುವಾಗ ನಮ್ಮ ಉಸಿರನ್ನೂ ಅದರ ಉಸಿರಿನ ಜೊತೆ ಎಳೆದು ಬಿಡುವುದು ನನಗೆ ರೂಢಿ. ಹಾಗೇ ಮಾಡಿದೆ. ನನ್ನ ಕೈ ಅದರ ಕತ್ತಿನ ಕೂದಲನ್ನು ಬಾಚುತ್ತಿರುವುದನ್ನು ಕಂಡು ಉಸ್ತಾದರು ಕೂಗಿದರು: "ಅದು ಕುರಿ ಅಲ್ಲೋ! ಉಣ್ಣಿ ಕತ್ತರಸಾಕ ಬಂದ್ಯಾ?" ನಾನು ಬಾಯಿ ತೆಗೆಯಲಿಲ್ಲ. ನೆರಳು ಎತ್ತಿನ ಮೈಮೇಲಿಂದ ಜಾರಿ ಆಚೆ ಬಿದ್ದ ಮೇಲೆ ಅದರ ದವಡೆ ಮೆಲ್ಲಗೆ ಆಡತೊಡಗಿತು. ಉಸ್ತಾದರೇ ಎದ್ದು ಬಂದು ನೋಡಿದರು. ಒಳಗೆ ಹೋಗಿ ಒಂದು ಚೂರು ಬೆಲ್ಲ ತಂದು ನನ್ನ ಬಾಯಿಗಿಟ್ಟರು.

"ಇನ್ನ ಮುಂದ ಈ ಬಾಯಿ ನಂದು," ಅಂದರು.

ಅದು ತಮಾಷೆ ಅಂದುಕೊಂಡಿದ್ದೆ. ನಾಲಬಂದನ ಮೊಳೆಗಳಿರುವುದು ಬಾಯಿಯಲ್ಲಿ ಎಂದು ಆಮೇಲೆ ತಿಳಿಯಿತು.

ಮೊದಲ ವರ್ಷ ನಾನು ನೀರು ಹೊತ್ತೆ, ತಿದಿ ಒತ್ತಿದೆ, ಕಿತ್ತು ಬಿದ್ದ ಹಳೆಯ ಮೊಳೆಗಳನ್ನು ಕಲ್ಲಿನ ಮೇಲಿಟ್ಟು ನೆಟ್ಟಗೆ ಮಾಡಿದೆ. ಕೂಲಿ ಇಲ್ಲ. ಊಟ ಉಸ್ತಾದರ ಮನೆಯಲ್ಲಿ. ಅವರ ಹೆಂಡತಿಯನ್ನು ನಾನು ಚಾಚಿ ಅನ್ನುತ್ತಿದ್ದೆ. ಮಕ್ಕಳಿಲ್ಲದ ಮನೆ. ನನಗಾಗಿ ಚಾಚಿ ಬೇರೆ ಗಡಿಗೆಯಲ್ಲಿ ಜೋಳದ ಅಂಬಲಿ ಮಾಡುತ್ತಿದ್ದರು, "ನಿಮ್ಮಪ್ಪ ಬಂದ್ರ ನನ್ನ ಬೈತಾನ" ಎನ್ನುತ್ತಾ. ಅಪ್ಪ ಬೈಯುವ ಪೈಕಿ ಆಗಿರಲಿಲ್ಲ.

ಎರಡನೆಯ ವರ್ಷ ಎತ್ತನ್ನು ಕೆಡವುವುದು ಕಲಿತೆ. ಕುದುರೆ ನಿಂತೇ ಲಾಳ ಹೊಡೆಸಿಕೊಳ್ಳುತ್ತದೆ. ಎತ್ತನ್ನು ಕೆಡವಬೇಕು. ಕೊಂಬಿನಿಂದ ಎದೆಗೆ, ಎದೆಯಿಂದ ಪಕ್ಕೆಗೆ ಹಗ್ಗ ಸುತ್ತಿ ಹಿಂದಕ್ಕೆ ಎಳೆದರೆ ಅದು ತಾನೇ ಮೊಣಕಾಲೂರಿ ಮಲಗುತ್ತದೆ. ಒಬ್ಬ ಕತ್ತಿನ ಮೇಲೆ ಕೂತು ಕೊಂಬು ಹಿಡಿಯುತ್ತಾನೆ. ನಾಲ್ಕು ಕಾಲನ್ನೂ ಕಟ್ಟಿದ ಹಗ್ಗದ ತುದಿಯನ್ನು ಇನ್ನೊಬ್ಬ ಬಿಗಿಯಾಗಿ ಎಳೆದು ನಿಲ್ಲುತ್ತಾನೆ. ಆ ಹಗ್ಗವನ್ನು ಎತ್ತಿನ ಯಜಮಾನ ಹಿಡಿಯಬಾರದು, ಏಕೆಂದರೆ ಅವನ ಕೈ ಕರುಣೆಯಿಂದ ಸಡಿಲವಾಗುತ್ತದೆ. ಸಾಲಿನಲ್ಲಿ ಮುಂದಿನ ಎತ್ತು ಯಾರದೋ ಅವನು ಹಿಡಿಯಬೇಕು. ಬೇವಿನ ಮರದ ಕೆಳಗಿನ ಕಟ್ಟಳೆ ಅದು.

ಮೂರನೆಯ ವರ್ಷ ಗೊರಸು ಕೆತ್ತುವುದು, ಕಡೆಗೆ ಮೊಳೆ. ಮೊಳೆ ಗೊರಸಿನ ಸತ್ತ ಭಾಗದಲ್ಲೇ ಓರೆಯಾಗಿ ಹೋಗಿ ಪಕ್ಕದಿಂದ ಹೊರಬರಬೇಕು. ಒಳಗಿನ ಜೀವಕ್ಕೆ ತಾಗಿದರೆ ಎತ್ತು ಕುಂಟುತ್ತದೆ. ಹೊರಬಂದ ಮೊನೆಯನ್ನು ಮುರಿದು ಮಡಿಸುವವರೆಗೆ ಅದು ಗೊರಸಿನಿಂದ ಮುಳ್ಳಿನಂತೆ ಚಾಚಿಕೊಂಡಿರುತ್ತದೆ.

ಉಸ್ತಾದರು ಮೊಳೆಗಳನ್ನು ಬಾಯಿಯ ಎಡಮೂಲೆಯಲ್ಲಿ ಕಚ್ಚಿ ಹಿಡಿಯುತ್ತಿದ್ದರು. ಉಳಿದ ನಾಲಬಂದರೆಲ್ಲ ಬಲಗಡೆ ಇಡುವವರು. ಉಸ್ತಾದರಿಗೆ ಬಲಗಡೆ ಹಲ್ಲಿರಲಿಲ್ಲ, ಅಷ್ಟೇ ಕಾರಣ. ನನಗೆ ಎರಡೂ ಕಡೆ ಹಲ್ಲಿದ್ದರೂ ಅವರನ್ನು ನೋಡಿ ನೋಡಿ ನನ್ನ ಮೊಳೆಗಳೂ ಎಡಕ್ಕೇ ಹೋದವು. ಒಮ್ಮೆ ಅದನ್ನು ಕಂಡ ಅವರು ಹಣೆ ಬಡಿದುಕೊಂಡರು. "ಹುಚ್ಚ ಹುಡುಗಾ, ಒದಿಸಿಕೊಂಡಾವ ನಾನು! ನೀ ಯಾಕ ಎಡಕ್ಕ ಇಡ್ತಿ?" ಆದರೆ ಬಿಡಿಸಲಿಲ್ಲ.

ಬಾಯಲ್ಲಿ ಮೊಳೆ ಇರುವಾಗ ಮಾತಾಡಲಾಗದು. ಅವರು ಗಂಟಲಲ್ಲೇ ಹೂಂಕರಿಸುತ್ತಿದ್ದರು. ಗಿಡ್ಡ ಹೂಂಕಾರ ಎಂದರೆ ಬಿಗಿ ಹಿಡಿ. ಉದ್ದ ಹೂಂಕಾರ ಎಂದರೆ ಬಿಡು. ನನಗೆ ಅದು ನಾಲ್ಕನೆಯ ಭಾಷೆಯಾಗಿ ಬಂದಿತ್ತು.

ಕಲಿಕೆ ಮುಗಿಯುವುದನ್ನು ಕೈ ಬಿಚ್ಚುವುದು ಅನ್ನುತ್ತಾರೆ. ಹಿರಿಯ ನಾಲಬಂದರು ಇಬ್ಬರಾದರೂ ಬಂದು ಕೂರಬೇಕು. ಅವರೆದುರು ಶಾಗಿರ್ದ ಉಸ್ತಾದರಿಗೆ ಬೆಲ್ಲ ತಿನ್ನಿಸಬೇಕು. ಉಸ್ತಾದರು ಅದನ್ನು ತಿಂದು "ಇವನ ಕೈ ಬಿಚ್ಚೀನಿ" ಅನ್ನಬೇಕು. ಅಲ್ಲಿಯವರೆಗೆ ಅವನು ಎಷ್ಟೇ ಚೆನ್ನಾಗಿ ಹೊಡೆಯಲಿ, ಸ್ವಂತ ಮರದ ನೆರಳು ಹಿಡಿಯುವಂತಿಲ್ಲ, ಬೇರೆಯವರ ಬಳಿ ಕೂಲಿಗೂ ಹೋಗುವಂತಿಲ್ಲ. ಪೀರಲ ಹಬ್ಬ, ಅಂದರೆ ಮೊಹರಂ, ಮುಗಿದ ಮೇಲೆ ನನ್ನ ಕೈ ಬಿಚ್ಚುವುದೆಂದು ಉಸ್ತಾದರು ಹೇಳಿದ್ದರು. ಅಪ್ಪನಿಗೂ ಹೇಳಿ ಕಳಿಸಿದ್ದರು. ಅಣ್ಣ ನನಗೊಂದು ಕಂಬಳಿ ನೇಯಿಸುತ್ತಿದ್ದ, ಮರದ ಕೆಳಗೆ ಹಾಸಿಕೊಂಡು ಕೂರಲು.

ಅದು ಹಬ್ಬಕ್ಕೆ ಮುಂಚಿನ ಆಜರ್ ತಿಂಗಳು, ಮಳೆ ನಿಂತ ಹೊತ್ತು. ಬಂಡಿಗಳ ಕಾಲ. ನಾನು ಕೊಂಬು ಹಿಡಿದ ಎತ್ತುಗಳ ಲೆಕ್ಕವನ್ನು ದಿನಕ್ಕೊಂದು ಸಾಲಿನಂತೆ ವಹಿಯಲ್ಲಿ ಬರೆದಿಡುತ್ತಿದ್ದೆ. ಆ ದಿನದ ಸಾಲು ಹೀಗಿದೆ: ನಾಲ್ಕು ಎತ್ತು, ಮೇಲೆ ಒಂದು ಕಾಲು.

ಐದನೆಯ ಎತ್ತು ಯಾಲಾಲಿನ ಒಬ್ಬ ಮುದುಕರದು. ತಾಂಡೂರಿನಿಂದ ಚಪ್ಪಡಿ ಕಲ್ಲು ಹೇರಿಕೊಂಡು ಬಂದಿದ್ದರು. ತೆಲುಗು ಬಿಟ್ಟು ಬೇರೆ ಮಾತು ಬಾರದು. ಬೆಳಗಿನಿಂದ ನನ್ನ ಮೇಲೆ ಅವರಿಗೆ ಅಕ್ಕರೆ. "ಬಿಡ್ಡಾ, ಬುವ್ವ ತಿನ್ನವಾ?" ಎಂದು ಎರಡು ಸಲ ಕೇಳಿದ್ದರು. ಊಟ ಆಯಿತೇ ಮಗು, ಎಂದು. ಬಿಡ್ಡ ಅಂದರೆ ತೆಲುಗಿನಲ್ಲಿ ಮಗು. ಆ ಕಡೆಯ ಹಿರಿಯರು ಕಿರಿಯರನ್ನೆಲ್ಲ ಹಾಗೇ ಕರೆಯುತ್ತಾರೆ.

ಸಾಲಿನಲ್ಲಿ ಅವರ ಹಿಂದಿನವನು ನಾಗಲಗಿದ್ದ ಎಂಬ ಊರಿನ ಕಡೆಯ ಒಬ್ಬ ರೈತ. ಗಟ್ಟಿ ಆಳು. ಅವನಿಗೆ ಕನ್ನಡ ಒಂದೇ. ಜಹೀರಾಬಾದಿಗೆ ಬಂದದ್ದೂ ಅದೇ ಮೊದಲು. ಕಟ್ಟಳೆಯಂತೆ ಹಗ್ಗ ಅವನ ಕೈಗೆ ಬಂತು. "ಜಗ್ಗಿ ನಿಂದ್ರು, ಅಷ್ಟ," ಎಂದು ನಾನೇ ಹೇಳಿ ಕೊಟ್ಟೆ. ನಾನು ಕತ್ತಿನ ಮೇಲೆ ಕೂತೆ.

ಮೊದಲ ಕಾಲು ಮುಗಿಯಿತು. ಎರಡನೆಯ ಕಾಲಿನ ಎರಡು ಮೊಳೆ ಒಳಗೆ ಹೋಗಿ ಮೊನೆ ಹೊರಬಂದಿತ್ತು. ಆಗ ಎತ್ತು ಕತ್ತು ಒದರಿತು. ಕೊಂಬಿನ ತುದಿ ನನ್ನ ಕಣ್ಣಿನ ಪಕ್ಕದಲ್ಲೇ ಹಾದುಹೋಯಿತು. ಮುದುಕರು ಹೆದರಿ ಚೀರಿದರು: "ಬಿಡ್ಡಾ! ಬಿಡ್ಡಾ!"

ಉಸ್ತಾದರ ಗಂಟಲಿನಿಂದ ಗಿಡ್ಡ ಹೂಂಕಾರ ಬಂತು. ನಾನು ಕೊಂಬನ್ನು ಬಿಗಿ ಹಿಡಿದೆ. ಆದರೆ ನಾಗಲಗಿದ್ದದವನಿಗೆ ಹೂಂಕಾರ ತಿಳಿಯದು. ಅವನಿಗೆ ಕೇಳಿಸಿದ್ದು ಬಿಡ, ಬಿಡ. ನಮ್ಮ ಕಡೆಯ ಮಾತಿನಲ್ಲಿ ಬಿಡು ಎಂದು. ಅವನು ಬಿಟ್ಟ.

ಹಿಂಗಾಲು ಹಗ್ಗದಿಂದ ಜಾರಿ ಝಾಡಿಸಿತು. ಗೊರಸಿನಿಂದ ಚಾಚಿದ್ದ ಮೊಳೆ ಉಸ್ತಾದರ ಎಡ ಅಂಗೈಗೆ ಹೊಕ್ಕು ಮಣಿಕಟ್ಟಿನವರೆಗೆ ಹರಿಯಿತು.

ಎತ್ತನ್ನು ಮತ್ತೆ ಹಿಡಿದು ಕಟ್ಟುವಷ್ಟರಲ್ಲಿ ಚಾಚಿ ಬಟ್ಟೆ ತಂದಿದ್ದರು. ಹಗ್ಗ ಬಿಟ್ಟವನು ನಿಂತಲ್ಲೇ ನಿಂತಿದ್ದ.

"ಅವರೇ ಬಿಡ ಅಂದ್ರಲ್ರಿ," ಎಂದ. "ಎರಡು ಸಲ ಅಂದ್ರು. ಬಿಟ್ಟೆ."

ಮುದುಕರಿಗೆ ಅವನು ಏನನ್ನುತ್ತಿದ್ದಾನೆಂದು ತಿಳಿಯಲಿಲ್ಲ. ಅವನ ಮಾತನ್ನು ಅವರಿಗೆ, ಅವರದನ್ನು ಅವನಿಗೆ ನಾನೇ ಹೇಳಿದೆ. ಹೇಳಿ ಮುಗಿದಾಗ ಇಬ್ಬರೂ ನೆಲ ನೋಡುತ್ತಿದ್ದರು. ಉಸ್ತಾದರು ಮೊಳೆಗಳನ್ನು ಉಗುಳಿ ನಗತೊಡಗಿದರು.

"ನೋಡ್ರಿ ನನ್ನ ನಸೀಬ. ಮೂರು ಭಾಷಾ ಬರಾವ ಕೊಳ್ಳ ಮ್ಯಾಲ ಕುಂತಾನ, ಒಂದು ಬರಾವ ಹಗ್ಗ ಹಿಡದಾನ."

ಆಮೇಲೆ ನಾಗಲಗಿದ್ದದವನಿಗೆ ಹೇಳಿದರು: "ನಿನ್ನ ತಪ್ಪಿಲ್ಲಪ್ಪ. ಬಿಡ ಅಂದ್ರ ಬಿಡಬೇಕು. ಹಿಡಿ ಹಗ್ಗ."

ಒಂದು ಕಾಲಿಗೆ ಲಾಳ ಹೊಡೆದು ಎತ್ತನ್ನು ಕಳಿಸುವಂತಿಲ್ಲ. ಇನ್ನೊಬ್ಬ ಬಂಡಿಯವನನ್ನು ಕತ್ತಿನ ಮೇಲೆ ಕೂರಿಸಿ ಉಳಿದ ಮೂರು ಕಾಲನ್ನು ನಾನು ಹೊಡೆದೆ. ನನ್ನ ಕೈ ಬಿಚ್ಚಿರಲಿಲ್ಲವಾದ್ದರಿಂದ ಅವರು ಪಕ್ಕದಲ್ಲಿ ಕೂತು ಬಲಗೈಯನ್ನು ನನ್ನ ಹೆಗಲ ಮೇಲಿಟ್ಟರು. ಹಾಗಿಟ್ಟರೆ ಕೆಲಸ ಅವರದೇ ಲೆಕ್ಕಕ್ಕೆ ಹೋಗುತ್ತದೆ. ಅದಕ್ಕೇ ನನ್ನ ವಹಿಯ ಸಾಲಿನಲ್ಲಿ ಆ ಮೂರು ಕಾಲು ಇಲ್ಲ.

ಚಾಚಿ ಅರಿಶಿನ ಸುಟ್ಟು ಎಣ್ಣೆಯಲ್ಲಿ ಕಲಸಿ ಕಟ್ಟಿದರು. ಒಂದು ವಾರ ಕಳೆಯುವಷ್ಟರಲ್ಲಿ ಗಾಯದ ಮೇಲೆ ಹೊಸ ಚರ್ಮ ಬಂತು. ಹಬ್ಬದ ಹೊತ್ತಿಗೆ ಸುತ್ತಿಗೆ ಹಿಡಿಯುತ್ತೇನೆ ಎನ್ನುತ್ತಿದ್ದರು. ಆಮೇಲೊಂದು ಶುಕ್ರವಾರ ಬೆಳಿಗ್ಗೆ ಊಟಕ್ಕೆ ಕೂತವರು ರೊಟ್ಟಿಯನ್ನು ತಟ್ಟೆಗೆ ಎಸೆದರು.

"ಇದೇನು ರೊಟ್ಟೀನೋ ಲಾಳಾನೋ? ಇಷ್ಟು ಬಿರುಸು!"

ಚಾಚಿ ಅದನ್ನೇ ಮುರಿದು ತಿಂದು ತೋರಿಸಿದರು. "ಮೆತ್ತಗ ಅದ. ನಿಮಗೇನಾಗ್ಯಾದ?"

ಅವರು ಇನ್ನೊಂದು ತುತ್ತು ಇಟ್ಟುಕೊಂಡರು. ಬಾಯಿ ಎರಡು ಬೆರಳಿನಷ್ಟು ಮಾತ್ರ ತೆರೆಯುತ್ತಿತ್ತು. ಕೆನ್ನೆಗಳು ಹಿಂದಕ್ಕೆ ಎಳೆದಿದ್ದವು. ನಗುತ್ತಿದ್ದಾರೆ ಅಂದುಕೊಂಡು ನಾನೂ ನಕ್ಕೆ. ಅವರು ನಗುತ್ತಿರಲಿಲ್ಲ.

ಮೊಳೆ ತಾಗಿದ ಕುದುರೆಗಳಲ್ಲಿ ಅವರು ಇದನ್ನು ನೋಡಿದ್ದರು. ದವಾಖಾನೆಯವರು ಬಂದು ಧನುರ್ವಾಯು ಎನ್ನುವ ಮೊದಲೇ ಅವರಿಗೆ ತಿಳಿದಿತ್ತು. ಬೆಳಕು ಬೇಡ, ಸದ್ದು ಬೇಡ, ಮೈ ಮುಟ್ಟಬೇಡಿ, ಈ ಸ್ಥಿತಿಯಲ್ಲಿ ರೈಲು ಹತ್ತಿಸಬೇಡಿ ಎಂದು ದವಾಖಾನೆಯವರು ಹೇಳಿ ಹೋದರು. ಉಸ್ತಾದರು ಹಲ್ಲಿನ ಸಂದಿಯಿಂದಲೇ ನನಗೆ ಹೇಳಿದರು: "ಹಬ್ಬದ ದಾರಿ ನೋಡಬ್ಯಾಡ. ಖೇಡದ ಹಿರಿಯರನ್ನ ಕರಸು. ನಿನ್ನ ಕೈ ಬಿಚ್ಚತೀನಿ."

ಅವರು ನನ್ನ ಜೊತೆ ಆಡಿದ ಕೊನೆಯ ಪೂರ್ತಿ ಮಾತು ಅದು.

ನಾರಾಯಣಖೇಡಕ್ಕೆ ಅಂದೇ ಹೊರಟೆ. ಹಿರಿಯ ನಾಲಬಂದರು ಇಬ್ಬರು, ಅಣ್ಣತಮ್ಮಂದಿರು, ಕೆಲಸ ಬಿಟ್ಟು ಬಂಡಿ ಹೂಡಿಸಿ ನನ್ನ ಜೊತೆ ಬಂದರು. ನಾವು ತಲುಪಿದ್ದು ಭಾನುವಾರ ಮಧ್ಯಾಹ್ನ. ಚಾಚಿ ಕಿಟಕಿಗೆ ಗೋಣಿಚೀಲ ಕಟ್ಟಿದ್ದರು. ಒಳಗೆ ಉಸ್ತಾದರ ಮೈ ಬಿಲ್ಲಿನಂತೆ ಬಾಗಿತ್ತು. ದವಡೆ ಪೂರ್ತಿ ಕಚ್ಚಿಕೊಂಡಿತ್ತು. ಕಣ್ಣು ಮಾತ್ರ ನಮ್ಮನ್ನು ನೋಡಿತು, ಗುರುತು ಹಿಡಿಯಿತು.

ಇಬ್ಬರೂ ಗೋಡೆಗೆ ಒರಗಿ ಕೂತರು. ಚಾಚಿ ನನ್ನ ಕೈಗೆ ಬೆಲ್ಲದ ಚೂರು ಕೊಟ್ಟರು. ಅದನ್ನು ಉಸ್ತಾದರ ತುಟಿಗಳ ನಡುವೆ ಇಟ್ಟೆ. ಹಲ್ಲಿಗೆ ತಾಗಿ ನಿಂತಿತು. ನನ್ನ ಬೆರಳು ತಾಗಿದ್ದೇ ತಡ ಮೈ ಸೆಳೆದುಕೊಂಡಿತು. ಬೆಲ್ಲ ಜಾರಿ ಗಡ್ಡಕ್ಕೆ ಬಿತ್ತು.

ಸೆಳೆತ ನಿಲ್ಲುವವರೆಗೆ ಕಾದೆವು. ಆಮೇಲೆ ಹಿರಿಯರಿಬ್ಬರಲ್ಲಿ ತಮ್ಮನಾದವರು ಮೆಲ್ಲಗೆ ಅಂದರು: "ನೀರಾಗ ಕರಗಿಸಿ ಹಾಕಿ ನೋಡು."

ಬಲಗಡೆ ಹಲ್ಲಿಲ್ಲದ ಜಾಗ ನನಗೆ ನೆನಪಾಯಿತು. ಅಲ್ಲಿ ಬಟ್ಟೆಯ ಅಂಚಿನಿಂದ ಬೆಲ್ಲದ ನೀರು ಬಿಟ್ಟೆ. ಒಳಗೆ ಹೋದದ್ದು ಗಂಟಲು ಇಳಿಯಲಿಲ್ಲ. ತಿರುಗಿ ಕೆನ್ನೆಯ ಮೇಲೆ ಹರಿಯಿತು. ಚಾಚಿ ಸೆರಗಿನಿಂದ ಒರೆಸಿದರು.

ಆಗ ಉಸ್ತಾದರು ಹೂಂಕರಿಸಿದರು. ಉದ್ದವಾಗಿ. ಉಸಿರು ಮುಗಿಯುವವರೆಗೆ ಉದ್ದವಾಗಿ.

"ಬಿಡು ಅಂದ್ರು," ಎಂದೆ. "ಉದ್ದ ಹೂಂ ಅಂದ್ರ ಬಿಡು. ನನ್ನ ಕೈ ಬಿಚ್ಚಿದ್ರು."

ಹಿರಿಯರಲ್ಲಿ ಅಣ್ಣನಾದವರು ನನ್ನ ಮುಖ ನೋಡಿದರು. ಅವರ ಕಣ್ಣಲ್ಲೂ ನೀರಿತ್ತು. "ನನಗ ನರಳಿದಂಗ ಕೇಳಿಸ್ತು ಬೇಟಾ."

"ಇಲ್ರಿ. ಮೂರು ವರ್ಷ ಕೇಳೀನಿ."

"ನೀ ಕೇಳಿದ್ದು ಖರೆ ಇರಬಹುದು. ಆದ್ರ ಇವತ್ತು ನರಳಿದ್ದಕ್ಕ ಮಾತು ಅಂದ್ರ, ನಾಳೆ ಸಾಯೋ ಉಸ್ತಾದನ ಬಾಜೂಕ ಕುಂತ ಪ್ರತಿಯೊಬ್ಬ ಶಾಗಿರ್ದನೂ ತನಗ ಬೇಕಾದ ಮಾತೇ ಕೇಳ್ತಾನ. ಬೆಲ್ಲ ತಿಂದಿಲ್ಲ. ಹ್ಯಾಂಗ ಬಿಚ್ಚಿತು ಅನ್ನಲಿ?"

ಉಸ್ತಾದರ ಕಣ್ಣು ಆ ಹಿರಿಯರ ಮೇಲಿತ್ತು. ಆ ಕಣ್ಣಿನಲ್ಲಿ ಸಿಟ್ಟಿತ್ತೋ ಒಪ್ಪಿಗೆ ಇತ್ತೋ ನಾನು ಹೇಳಲಾರೆ.

ಮಂಗಳವಾರ ಬೆಳಗಿನ ಜಾವ ಅವರು ತೀರಿಹೋದರು. ಮಸೀದಿಯ ಮುಂದೆ ಇನ್ನೂ ಹಬ್ಬದ ಬೆಂಕಿಯ ಅಲಾಯಿ ಕುಣಿ ತೋಡಿರಲಿಲ್ಲ.

ಹಬ್ಬ ಮುಗಿಯಿತು. ಬೇವಿನ ಮರದ ಕೆಳಗೆ ಎತ್ತುಗಳು ಕೆಲವು ದಿನ ಬಂದು ನಿಂತು ಹೋದವು. ನಾನು ಮುಟ್ಟುವಂತಿರಲಿಲ್ಲ. ಜಹೀರಾಬಾದಿನಲ್ಲೇ ಇನ್ನೊಬ್ಬ ನಾಲಬಂದರ ಬಳಿ ಹೋದೆ. ಅವರಿಗೆ ಎಲ್ಲ ಗೊತ್ತಿತ್ತು. ಕೂರಿಸಿ ಚಹಾ ಕುಡಿಸಿ ಕಳಿಸಿದರು. ನಾರಾಯಣಖೇಡದ ಸಂತೆಯಲ್ಲಿ ಕೆಲಸ ಮಾಡುವ ಒಬ್ಬರು ನನ್ನ ಮುಖ ನೋಡುವ ಮೊದಲೇ ಕೇಳಿದರು: "ಯಾರ ಬೆಲ್ಲ ತಿಂದಿ?" ಹೇಳಿದೆ. "ಹಂಗಾದ್ರ ನಾ ತಿನ್ನಿಸಾಕ ಬರಂಗಿಲ್ಲ," ಅಂದರು. ಉಸ್ತಾದರು ಕೈ ಬಿಚ್ಚಿಲ್ಲ, ಇನ್ನು ಬಿಚ್ಚುವುದೂ ಇಲ್ಲ. ಎರಡರ ನಡುವೆ ನಾನು ನಿಂತಿದ್ದೆ. ಊರಿಗೆ ಹೋದರೆ ಅಣ್ಣನ ಹಿಂಡು ಇನ್ನೂ ಇಬ್ಬರಿಗೆ ಆಗುವಷ್ಟು ಬೆಳೆದಿರಲಿಲ್ಲ. ಕಂಬಳಿ ಮಾತ್ರ ನೇಯ್ದು ಮುಗಿದಿತ್ತು.

ದಾರಿ ಹೇಳಿದವರು ಚಾಚಿ.

"ತಾಂಡೂರಿಗೆ ಹೋಗು ಬೇಟಾ. ಅಲ್ಲಿ ನಿನ್ನ ಗುರ್ತು ಯಾರಿಗೂ ಇಲ್ಲ. ಕೇಳಿದ್ರ, ನನಗ ಉಸ್ತಾದ ಇಲ್ಲ ಅನ್ನು."

"ಹ್ಯಾಂಗ ಅನ್ನಲಿ ಚಾಚಿ?"

"ಬಾಯಿಲೇ ಅನ್ನು. ಅವರು ಸಿಟ್ಟಾಗಂಗಿಲ್ಲ. ಸಿಟ್ಟಾದ್ರ ನಾ ಮ್ಯಾಲ ಹೋಗಿ ಹೇಳ್ತೀನಿ, ನಾನೇ ಅನ್ನಾಕ ಹಚ್ಚೀನಿ ಅಂತ." ಅಷ್ಟು ಹೇಳಿ ನನ್ನ ಮುಖ ನೋಡಿದರು. "ರೋ ನಕೋ, ಅಳಬ್ಯಾಡ. ಹೊಟ್ಟಿ ಅದ ನಿನಗ."

ಉಸ್ತಾದರ ಗೊರಸು ಕೆತ್ತುವ ಉಳಿಯನ್ನು ಬಟ್ಟೆಯಲ್ಲಿ ಸುತ್ತಿ ಕೊಟ್ಟರು. ಅದರ ಹಿಡಿ ಅವರ ಹೆಬ್ಬೆರಳಿನ ಆಕಾರಕ್ಕೆ ಸವೆದಿತ್ತು. ಉಸ್ತಾದ ಇಲ್ಲದವನ ಬಳಿ ಅಂಥ ಉಳಿ ಇರುವುದಿಲ್ಲ. ಅದನ್ನು ಅವರ ಮನೆಯ ಗೂಡಿನಲ್ಲೇ ಇಟ್ಟು ಬಂದೆ.

ವಿಕಾರಾಬಾದಿನಲ್ಲಿ ರೈಲು ಬದಲಿಸಿ ತಾಂಡೂರಿಗೆ ಬಂದಿಳಿದೆ. ಸ್ಟೇಷನ್ನಿನ ಆಚೆ ಚಪ್ಪಡಿಗಳ ರಾಶಿ. ಕಲ್ಲಿನ ಬಂಡಿ ಎಳೆಯುವ ಎತ್ತುಗಳ ಲಾಳ ಬೇಗ ಸವೆಯುತ್ತದೆ. ಇಲ್ಲಿ ಕೆಲಸಕ್ಕೆ ಬರವಿಲ್ಲ. ಇಲ್ಲಿಯ ನಾಲಬಂದರು ತೆಳ್ಳಗಿನ ಮನುಷ್ಯ, ಕಡಿಮೆ ಮಾತು. ನನ್ನನ್ನು ಮೇಲೆ ಕೆಳಗೆ ನೋಡಿದರು.

"ಮೊದಲ ಯಾರ ಬೆಲ್ಲ ತಿಂದಿ?"

"ಯಾರದೂ ಇಲ್ರಿ."

"ಉಸ್ತಾದ?"

"ಇಲ್ರಿ. ಕುರಿ ಕಾಯ್ತಿದ್ದೆ."

ಅವರು ಬೆಲ್ಲ ಕೊಟ್ಟರು. ನುಂಗಲು ಹೊತ್ತು ಹಿಡಿಯಿತು. ಅವರು ಕಾದು ನಿಂತಿದ್ದರು.

ಮತ್ತೆ ನೀರು ಹೊತ್ತೆ. ಮತ್ತೆ ಹಳೆಯ ಮೊಳೆ ನೆಟ್ಟಗೆ ಮಾಡಿದೆ. ಬಾರದವನಂತೆ ಮಾಡುವುದು ಕಲಿಯುವುದಕ್ಕಿಂತ ಕಷ್ಟ. ಸುತ್ತಿಗೆಯನ್ನು ಬೇಕೆಂದೇ ಓರೆ ಬೀಳಿಸಬೇಕು, ಹೆಬ್ಬೆರಳಿಗೆ ಹೊಡೆದುಕೊಳ್ಳಬೇಕು, ಹಗ್ಗದ ಗಂಟು ತಪ್ಪಿ ಕಟ್ಟಿ ಬೈಸಿಕೊಳ್ಳಬೇಕು. ಯಾಲಾಲಿನ ಮುದುಕರು ಒಮ್ಮೆ ಬಂಡಿ ಹೊಡೆದುಕೊಂಡು ಆಚೆ ರಸ್ತೆಯಲ್ಲಿ ಹೋದರು. ನಾನು ತಿದಿಯ ಹಿಂದೆ ಬಗ್ಗಿದೆ. ಅವರು ಕಂಡರೆ ಬಿಡ್ಡಾ ಎಂದು ಕೂಗುತ್ತಿದ್ದರು.

ಮೊದಲ ಸಲ ನನ್ನ ಕೈಗೆ ಮೊಳೆ ಬಂದದ್ದು ಎರಡನೆಯ ವರ್ಷದ ಚಳಿಯ ಬಹಮನ್ ತಿಂಗಳಲ್ಲಿ, ಒಂದು ಬುಧವಾರ. ಎತ್ತು ಮಲಗಿತ್ತು. ತಾಂಡೂರಿನ ನಾಲಬಂದರು ಒಂದು ಹಿಡಿ ಮೊಳೆ ಕೊಟ್ಟು "ಹಿಂಗಾಲು ಹೊಡಿ ನೋಡೂಣು," ಅಂದರು. ಬಾರದವನಂತೆ ತಡವರಿಸಬೇಕು ಎಂದು ಮನಸ್ಸಿನಲ್ಲಿ ಅಂದುಕೊಳ್ಳುತ್ತಾ ಕೂತೆ. ಅಷ್ಟರಲ್ಲಿ ಮೊಳೆಗಳು ಬಾಯಿಗೆ ಹೋಗಿದ್ದವು. ಎಡಮೂಲೆಗೆ, ತಲೆ ಹೊರಗೆ, ಸಾಲಾಗಿ.

ಅವರು ನೋಡಿದರು.

"ಎಡಕ್ಕ ಇಡೋದು ಯಾರು ಕಲ್ಸಿದ್ರು?"

ಬಾಯಲ್ಲಿ ಮೊಳೆ ಇತ್ತು. ನಾನು ಉಗುಳಲಿಲ್ಲ.

ಅವರು ಆಚೆ ಈಚೆ ನೋಡಿ, ಸಾಲಿನಲ್ಲಿ ನಿಂತವರಿಗೆ ಕೇಳದಂತೆ ನನ್ನ ಪಕ್ಕ ಕುಕ್ಕರಗಾಲಲ್ಲಿ ಕೂತರು.

"ಜಹೀರಾಬಾದಿನ ಬಂಡಿ ಇಲ್ಲಿ ಬರ್ತಾವ, ಗುರ್ತು ಹಿಡೀತಾರ," ಅಂದರು. "ಬಲಕ್ಕ ಇಟ್ಕೋ."

ನಾಲಿಗೆಯಿಂದ ಒಂದೊಂದೇ ಮೊಳೆಯನ್ನು ಬಲಗಡೆಗೆ ತಳ್ಳಿದೆ. ಹಲ್ಲಿಗೆ ಅವು ಹೊಸದಾಗಿ ತಾಗಿದವು. ಅವರು ಹಗ್ಗದವನಿಗೆ ಜಗ್ಗು ಎಂದು ಕೈ ಮಾಡಿದರು. ನಾನು ಸುತ್ತಿಗೆ ಎತ್ತಿದೆ.